ಗಲ್ಲಿಯ ಬಡತನಕ್ಕೊಂದು ನಕ್ಷೆ: ಮಾಡೋದು ಹೇಗೆ?

ನೀತಿ ಆಯೋಗದ 2023ರ ವರದಿಯ ಪ್ರಕಾರ ಗೋವಾದಲ್ಲಿ ಬಡವರು ಶೇ 0.84. ಅಂದರೆ ನೂರಕ್ಕೆ ಒಬ್ಬರೂ ಇಲ್ಲ. ಅಲ್ಲಿನ ವಾಸ್ಕೋ ಕಡೆಯ ಬೈನಾ, ಝುವಾರಿನಗರದ ಬಾಡಿಗೆ ಖೋಲಿಗಳಲ್ಲಿರುವ ನಮ್ಮ ಉತ್ತರ ಕರ್ನಾಟಕದ ಕುಟುಂಬಗಳು ಇದನ್ನು ನಂಬುತ್ತವಾ? ರಾಜ್ಯದ ಸರಾಸರಿಯಲ್ಲಿ ಗಲ್ಲಿ ಕಾಣುವುದಿಲ್ಲ. ಆದರೆ ನೆರವು ತಲುಪಬೇಕಾದ್ದು ಗಲ್ಲಿಗೇ ಅಲ್ವಾ? ಕನ್ನಡ ಸಂಘದ ನಾಲ್ಕು ಜನ ಮನಸ್ಸು ಮಾಡಿದರೆ ಗಲ್ಲಿಗಲ್ಲಿಯ ಕೊರತೆ ತೋರಿಸುವ ನಕ್ಷೆ ತಯಾರಿಸಬಹುದು.

ಮೊದಲು ಓಡಾಡಿ. ಜನರೇ ಸೇರಿ ಮಾಡಿದ ಉಚಿತ ಆನ್‌ಲೈನ್ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಿಮ್ಮ ಭಾಗವನ್ನು ದೊಡ್ಡದಾಗಿ ಪ್ರಿಂಟ್ ತೆಗೆಸಿ. ಅದರಲ್ಲಿಲ್ಲದ ಸಂದಿ, ನಳ, ಶೌಚಾಲಯ, ಅಂಗನವಾಡಿಗಳನ್ನು ಅಲ್ಲಿನ ಹೆಣ್ಣುಮಕ್ಕಳಿಂದಲೇ ಗುರುತು ಹಾಕಿಸಿ. ನೀರು ಎಷ್ಟೊತ್ತಿಗೆ ಬರುತ್ತದೆ, ಯಾವ ಸಂದಿಯಲ್ಲಿ ರಾತ್ರಿ ದೀಪವಿಲ್ಲ ಅನ್ನೋದು ಅವರಿಗೆ ಗೊತ್ತು.

ಆಮೇಲೆ ಪ್ರಶ್ನೆಗಳು. ಇಲ್ಲಿ ಜಾಸ್ತಿ ಹೊತ್ತು ಕೊಡಿ. ಆದಾಯ ಕೇಳಿ ಪ್ರಯೋಜನವಿಲ್ಲ. ಗಾರೆ ಕೆಲಸದವರ ದುಡಿಮೆ ಮಳೆಗಾಲದಲ್ಲಿ ಒಂದು, ಬೇಸಿಗೆಯಲ್ಲಿ ಇನ್ನೊಂದು. ಮನೆಯಲ್ಲಿ ಏನಿಲ್ಲ ಅಂತ ಕೇಳಿ. ನೀತಿ ಆಯೋಗವೂ 12 ಸೂಚಕಗಳಲ್ಲಿ ಹಾಗೇ ಅಳೆಯುತ್ತದೆ. ಆದರೆ ಅದರ ಲೆಕ್ಕ ಗಮನಿಸಿ. ಆರೋಗ್ಯ, ಶಿಕ್ಷಣ, ಜೀವನಮಟ್ಟಕ್ಕೆ ಸಮಪಾಲು. ಜೀವನಮಟ್ಟದ ಪಾಲನ್ನು ಏಳು ಸೂಚಕಗಳು ಹಂಚಿಕೊಳ್ಳುತ್ತವೆ. ಅಂದರೆ ಒಟ್ಟು 21 ಅಂಕ ಅಂದುಕೊಂಡರೆ ಈ ಏಳಕ್ಕೆ ತಲಾ ಒಂದೇ ಅಂಕ. ಒಟ್ಟು ಕೊರತೆ ಮೂರನೇ ಒಂದು ಭಾಗ ಮುಟ್ಟಿದರೆ ಮಾತ್ರ ಬಡ ಮನೆ. ಒಂದು ಮನೆಗೆ ಶೌಚಾಲಯ, ಕುಡಿಯುವ ನೀರು, ಗಟ್ಟಿ ಗೋಡೆ, ಗ್ಯಾಸ್ ನಾಲ್ಕೂ ಇಲ್ಲ, ಉಳಿದದ್ದೆಲ್ಲ ಇದೆ ಅನ್ನಿ. ಅದರ ಕೊರತೆಯ ಅಂಕ 21ರಲ್ಲಿ 4. ಬೇಕಾದ್ದು 7. ಆ ಮನೆ ಬಡತನದ ಲೆಕ್ಕಕ್ಕೇ ಬರುವುದಿಲ್ಲ!

ಅದಕ್ಕೇ ಸುಮ್ನೆ ಎಲ್ಲ ಕೂಡಿಸಿ ಒಂದೇ ಅಂಕ ಮಾಡಬೇಡಿ. ನೀರಿಗೊಂದು ನಕ್ಷೆ, ಶೌಚಾಲಯಕ್ಕೊಂದು, ಶಾಲೆ ಬಿಟ್ಟ ಮಕ್ಕಳಿಗೊಂದು ಇರಲಿ. ಊರಿನ ರೇಷನ್ ಕಾರ್ಡಿಗೆ ಇಲ್ಲಿ ಅಕ್ಕಿ ಸಿಗುತ್ತಾ, ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆಸರಿದೆಯಾ ಅಂತಲೂ ಕೇಳಿ. ವಲಸೆ ಬಂದವರಿಗೆ ಇವು ದೊಡ್ಡ ವಿಷಯ.

ಉತ್ತರ ತುಂಬಲು ಮೊಬೈಲಿನ ಸಮೀಕ್ಷೆ ಸಾಧನ ಕೋಬೋಟೂಲ್‌ಬಾಕ್ಸ್ ಸಾಕು. ಪ್ರಶ್ನೆ ಕನ್ನಡದಲ್ಲೇ ಹಾಕಬಹುದು, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ರಜೆಯ ದಿನ ಹೋಗಿ. ಊರ ಜಾತ್ರೆಯ ಸಮಯ ಬೇಡ, ಅರ್ಧ ಖೋಲಿಗೆ ಬೀಗ ಇರುತ್ತದೆ.

ನಕ್ಷೆಗೆ ಬಣ್ಣ ತುಂಬಲು ಕ್ಯೂಜಿಐಎಸ್ ಅನ್ನೋ ಕಂಪ್ಯೂಟರ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಬಣ್ಣ ಗಲ್ಲಿಗೆ ಹಾಕಿ, ಮನೆಗೆ ಬೇಡವೇ ಬೇಡ. ತೆರವಿನ ಭಯದಲ್ಲಿರುವವರ ಮನೆಯನ್ನು ನಕ್ಷೆಯಲ್ಲಿ ಬೊಟ್ಟು ಮಾಡಿ ತೋರಿಸುವುದು ಅನ್ಯಾಯ. 1889ರಲ್ಲಿ ಚಾರ್ಲ್ಸ್ ಬೂತ್ ಎಂಬ ಸಮಾಜ ಸಂಶೋಧಕ ಲಂಡನ್ನಿನ ಬೀದಿಬೀದಿಗೆ ಬಡತನದ ಬಣ್ಣ ಹಚ್ಚಿದ. ದೊಡ್ಡ ಕೆಲಸ ಅದು. ಆದರೆ ತೀರಾ ಕೆಳವರ್ಗದವರದೆಂದು ಕಪ್ಪು ಬಣ್ಣ ಹಚ್ಚಿದ ಬೀದಿಗಳವರನ್ನು ಅಪರಾಧದ ಜೊತೆ ಸೇರಿಸಿಬಿಟ್ಟ. ನಮ್ಮ ನಕ್ಷೆ ಜನರ ಮೇಲೆ ಹಣೆಪಟ್ಟಿ ಹಚ್ಚಬಾರದು.

ತಯಾರಾದ ನಕ್ಷೆಯನ್ನು ಮೊದಲು ಗಲ್ಲಿಯವರಿಗೇ ತೋರಿಸಿ, ತಪ್ಪಿದ್ದರೆ ತಿದ್ದಿಸಿ. ಝುವಾರಿನಗರ ಸಾಂಕ್ವಾಳ ಪಂಚಾಯತಿಗೆ, ಬೈನಾ ಮುರಗಾಂವ ನಗರಸಭೆಗೆ ಸೇರುತ್ತದೆ. ಹಾಗಾಗಿ ಅರ್ಜಿಯೂ ಬೇರೆಬೇರೆ. ಅರ್ಜಿಯಲ್ಲಿ ಗಲ್ಲಿ ಯಾವುದು, ಮನೆ ಎಷ್ಟು, ಮೊದಲು ಆಗಬೇಕಾದ ಕೆಲಸ ಯಾವುದು, ಈ ಮೂರು ಬರೆದು ನಕ್ಷೆ ಲಗತ್ತಿಸಿ, ಸ್ವೀಕೃತಿಯ ಸಹಿ ಪಡೆದು ಬನ್ನಿ.