ಶಿಕ್ಷೆ ಸಾಲದು ಎನ್ನುವ ಅಪೀಲು: ನಾನು ಸಿದ್ಧಪಡಿಸುವ ರೀತಿ

ಮಚ್ಚು ಬೀಸಿದವನಿಗೆ ‘ಈಗಾಗಲೇ ಜೈಲಿನಲ್ಲಿ ಕಳೆದಷ್ಟೇ ಸಾಕು’ ಎಂದು ಆದೇಶವಾದರೆ ಗಾಯಾಳುವಿನ ಮನೆಯವರು ತಾವೇ ಹೈಕೋರ್ಟಿಗೆ ಹೋಗುತ್ತೇವೆ ಎನ್ನುತ್ತಾರೆ. ಶಿಕ್ಷೆ ಕಡಿಮೆಯಾಯಿತೆಂದು ಅಪೀಲು ಹಾಕುವ ಹಕ್ಕು ಅವರಿಗಿಲ್ಲ. ಖುಲಾಸೆಯಾದರೆ, ಸಣ್ಣ ಕಲಮಿಗೆ ಇಳಿಸಿದರೆ, ಪರಿಹಾರ ಸಾಲದಿದ್ದರೆ ಮಾತ್ರ ಉಂಟು. 2020ರ ಪರ್ವಿಂದರ್ ಕನ್ಸಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಸಂತ್ರಸ್ತರಿಗೆ ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಆದರೂ ದಾರಿ ಸರ್ಕಾರದ ಮೂಲಕವೇ: ಹಳೆಯ ದಂಡ ಪ್ರಕ್ರಿಯಾ ಸಂಹಿತೆ ಸಿಆರ್‌ಪಿಸಿಯ ಕಲಂ 377, ಅದರ ಜಾಗಕ್ಕೆ ಬಂದ ಈಗಿನ ಬಿಎನ್‌ಎಸ್‌ಎಸ್‌ನ ಕಲಂ 418.

ತೀರ್ಪಿನ ದಿನವೇ ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿಸುತ್ತೇನೆ. ಅಪೀಲು ಹಾಕಲು ಗಡುವು ಹೈಕೋರ್ಟಿಗೆ 60 ದಿನ, ಮ್ಯಾಜಿಸ್ಟ್ರೇಟ್ ತೀರ್ಪಾಗಿದ್ದರೆ ಸೆಷನ್ಸ್ ಕೋರ್ಟಿಗೆ 30 ದಿನ. ನಕಲಿಗೆ ಹಿಡಿದ ಸಮಯ ಲೆಕ್ಕಕ್ಕಿಲ್ಲ. ಕಡತ ಇಲಾಖೆಗಳಲ್ಲಿ ಓಡಾಡುವಷ್ಟರಲ್ಲಿ ಗಡುವು ಮೀರಬಾರದೆಂದು ಪಬ್ಲಿಕ್ ಪ್ರಾಸಿಕ್ಯೂಟರಿಗೆ ಮನವಿಯ ಜತೆಗೇ ಅಪೀಲಿನ ಆಧಾರಗಳ ಕರಡನ್ನೂ ಕೊಟ್ಟುಬಿಡುತ್ತೇನೆ. ಸರ್ಕಾರ ಕೈಕಟ್ಟಿ ಕುಳಿತರೆ ಸಂತ್ರಸ್ತರ ಪರವಾಗಿ 90 ದಿನದೊಳಗೆ ರಿವಿಷನ್, ಅಂದರೆ ಕೆಳ ಕೋರ್ಟಿನ ಆದೇಶವನ್ನು ಪರಿಶೀಲಿಸಿ ಎಂಬ ಅರ್ಜಿ.

‘ಸಮಾಜಕ್ಕೆ ತಪ್ಪು ಸಂದೇಶ’ ಎಂಬಂಥ ಸಾಲುಗಳಿಂದ ಏನೂ ಆಗದು. ಶಿಕ್ಷೆಯ ಆದೇಶದಲ್ಲಿ ಕೊಟ್ಟ ಕಾರಣಗಳನ್ನು, ಅಂದರೆ ಮೊದಲ ಅಪರಾಧ, ಎಳೆಯ ವಯಸ್ಸು, ಮನೆಗೆ ಅವನೊಬ್ಬನೇ ಆಸರೆ, ಹಾಳೆಯ ಎಡಕ್ಕೆ ಬರೆದುಕೊಳ್ಳುತ್ತೇನೆ. ಬಲಕ್ಕೆ ದಾಖಲೆಯಲ್ಲಿರುವ ಉತ್ತರ, ಪುಟಸಂಖ್ಯೆ ಸಮೇತ. ಗಾಯದ ಪ್ರಮಾಣಪತ್ರದಲ್ಲಿ ‘ಎಡ ಮುಂಗೈ ಮೂಳೆ ಮುರಿತ’ ಎಂದಷ್ಟೇ ಇರುತ್ತದೆ. ತಲೆಗೆ ಬಂದ ಏಟನ್ನು ತಡೆಯಲು ಎತ್ತಿದ ಕೈ ಅದು, ಈಗಲೂ ಮುಷ್ಟಿ ಬಿಗಿಯಲಾಗದು ಎಂಬುದು ಗಾಯಾಳುವಿನ ಮತ್ತು ವೈದ್ಯರ ಸಾಕ್ಷ್ಯದಲ್ಲಿ ಹೂತಿರುತ್ತದೆ. ಅದನ್ನೇ ಮೊದಲ ಆಧಾರ ಮಾಡುತ್ತೇನೆ. ಎಡಬದಿಯ ಕಾರಣಗಳಿಗೆ ಉತ್ತರವಾಗಿ ತೀರ್ಪೂ ಉಂಟು: ಕರ್ನಾಟಕ ಸರ್ಕಾರ ವಿರುದ್ಧ ಕೃಷ್ಣಪ್ಪ (2000) ಪ್ರಕರಣದಲ್ಲಿ, ಬಾಲಕಿಯ ಅತ್ಯಾಚಾರಕ್ಕೆ 10 ವರ್ಷವಿದ್ದ ಶಿಕ್ಷೆಯನ್ನು ಹೈಕೋರ್ಟ್ 4ಕ್ಕೆ ಇಳಿಸಿತ್ತು. ಆರೋಪಿ ಅನಕ್ಷರಸ್ಥ, ಕುಡುಕ ಎಂಬ ಕಾರಣಗಳನ್ನು ಒಪ್ಪದ ಸುಪ್ರೀಂ ಕೋರ್ಟ್ 10 ವರ್ಷವನ್ನೇ ಮರಳಿಸಿತು.

ಮ್ಯಾಜಿಸ್ಟ್ರೇಟ್ ಕೊಡಬಹುದಾಗಿದ್ದ ಗರಿಷ್ಠ ಶಿಕ್ಷೆಗಿಂತ ಹೆಚ್ಚನ್ನು ಅಪೀಲಿನಲ್ಲೂ ಕೊಡಲಾಗದು. ಪ್ರಥಮ ದರ್ಜೆಯವರಿಗೆ ಅದು 3 ವರ್ಷ. ಇನ್ನೊಂದು ಅಪಾಯವನ್ನು ಮನೆಯವರಿಗೆ ಮುಂಚೆಯೇ ಬಿಡಿಸಿ ಹೇಳುತ್ತೇನೆ: ಈ ಅಪೀಲಿನಲ್ಲಿ ಆರೋಪಿ ಖುಲಾಸೆಯನ್ನೂ ಕೇಳಬಹುದು. ಹಾಗಾಗಿ ಅಪರಾಧ ಸಾಬೀತಾದ ಭಾಗವೇ ಸಡಿಲವಾಗಿದ್ದರೆ ನಾನು ಮುಂದುವರಿಯುವುದಿಲ್ಲ. ಆರೋಪಿಯೂ ಅಪೀಲು ಹಾಕಿದ್ದರೆ ಎರಡನ್ನೂ ಒಟ್ಟಿಗೇ ವಿಚಾರಣೆಗೆ ಇಡಿ ಎಂದು ಮೆಮೊ ಹಾಕಿಸಬೇಕು. ಅವನ ಅಪೀಲು ಒಂದರಲ್ಲೇ ಶಿಕ್ಷೆ ಹೆಚ್ಚಿಸಲು ಬರುವುದಿಲ್ಲ.