ಪಿಟೀಲೇ ವೃತ್ತಿ ಆಗಬೇಕಾ? ಮೊದಲು ಪಕ್ಕವಾದ್ಯಕ್ಕೆ ತಯಾರಾಗಿ

ಪಿಟೀಲು ಒಂದು ಹಂತಕ್ಕೆ ಬಂತು ಅಂದ ಕೂಡಲೇ ಎಲ್ಲರಿಗೂ ಸೋಲೋ ಕಚೇರಿಯ ಆಸೆ. ತಪ್ಪೇನಿಲ್ಲ. ಆದರೆ ಕರ್ನಾಟಕ ಸಂಗೀತದಲ್ಲಿ ಪಿಟೀಲಿಗೆ ಜಾಸ್ತಿ ಕೆಲಸ ಸಿಗುವುದು ಹಾಡುಗಾರರ ಪಕ್ಕದಲ್ಲೇ. ಪಿಟೀಲು ಚೌಡಯ್ಯನವರನ್ನೇ ನೋಡಿ. ಏಳು ತಂತಿಯ ಪಿಟೀಲು ಮಾಡಿಸಿಕೊಂಡು, ಆ ಕಾಲದ ದೊಡ್ಡ ದೊಡ್ಡ ಗಾಯಕರಿಗೆಲ್ಲ ಪಕ್ಕವಾದ್ಯ ನುಡಿಸಿದವರು ಅವರು.

ಮೊದಲ ಕೆಲಸ ಶ್ರುತಿ, ಅಂದರೆ ಗಾಯಕರು ಹಾಡುವ ಆಧಾರ ಸ್ವರದ ಎತ್ತರ. ಇವತ್ತು ಗಾಯಕರ ಸಿ ಶಾರ್ಪ್, ನಾಳೆ ಗಾಯಕಿಯ ಜಿ. ಪ್ರತಿ ಸಲ ನಾಲ್ಕೂ ತಂತಿಗಳನ್ನು ಸ-ಪ-ಸ-ಪ ಅಂತ ಹೊಸದಾಗಿ ಕೂಡಿಸಬೇಕು. ಶ್ರುತಿ ಇಳಿಸಿದಾಗ ತಂತಿ ಸಡಿಲವಾಗುತ್ತದೆ, ಕಮಾನಿನ ಒತ್ತಡವೂ ಬದಲಾಗಬೇಕು. ದಿನಾ ಒಂದೇ ಶ್ರುತಿಯಲ್ಲಿ ನುಡಿಸಿದ ಕೈಗೆ ಇದು ಗೊತ್ತಾಗುವುದೇ ಇಲ್ಲ, ಹಾಗಾಗಿ ವಾರಕ್ಕೆ ಎರಡು ದಿನವಾದರೂ ಶ್ರುತಿ ಬದಲಿಸಿ ಸಾಧನೆ ಮಾಡಿ.

ಆಮೇಲೆ ಕೇಳುವುದು. ನನ್ನ ಮಟ್ಟಿಗೆ ಪಕ್ಕವಾದ್ಯದ ಜೀವ ಇದೇ. ಆಲಾಪನೆಯಲ್ಲಿ, ಅಂದರೆ ಸಾಹಿತ್ಯವಿಲ್ಲದೆ ರಾಗ ಬೆಳೆಸುವಾಗ, ಗಾಯಕರು ಧೈವತದ ಮೇಲೆ ನಿಂತರೆ ನೀವೂ ಅಲ್ಲೇ ನಿಲ್ಲಿ. ಅವರು ಉಸಿರು ತಗೊಳ್ಳುವ ಸಂದಿಯಲ್ಲಿ ಅದೇ ಸ್ವರವನ್ನು ಮೆಲ್ಲಗೆ ಎಳೆದು ಹಿಡಿದರೆ ರಾಗದ ಎಳೆ ಕಡಿಯುವುದಿಲ್ಲ, ಮುಂದಿನ ಸಂಚಾರಕ್ಕೆ ಅವರಿಗೂ ಒಂದು ಆಸರೆ ಸಿಗುತ್ತದೆ. ಅವರಿಗಿಂತ ಮುಂದೆ ಓಡಬೇಡಿ. ನಿಮ್ಮ ಸರದಿಯ ಆಲಾಪನೆ ಅವರದಕ್ಕಿಂತ ಚಿಕ್ಕದಾಗಿರಲಿ. ಕೃತಿಗಳ ಸಾಹಿತ್ಯ ಬಾಯಿಗೆ ಬರಬೇಕು, ಯಾಕೆಂದರೆ ಕಮಾನು ಎಲ್ಲಿ ತಿರುಗಿಸಬೇಕು ಅಂತ ಹೇಳುವುದು ಪದವೇ ಅಲ್ವಾ?

ಆಕಾಶವಾಣಿ ಆಡಿಷನ್ ಕೊಡಿ. ಬಿ ಗ್ರೇಡಿನಿಂದ ಬಿ-ಹೈ, ಎ, ಎ-ಟಾಪ್ ತನಕ ಮೆಟ್ಟಿಲುಗಳಿವೆ, ಆಯೋಜಕರೂ ಅದನ್ನು ನೋಡುತ್ತಾರೆ. ರಾಮನವಮಿ ಸಮಯದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಸಾಲು ಸಾಲು ಕಚೇರಿಗಳು, ಡಿಸೆಂಬರಿನಲ್ಲಿ ಚೆನ್ನೈ. ಮಿಕ್ಕ ತಿಂಗಳುಗಳ ಖರ್ಚಿಗೆ ಪಾಠ ಹೇಳಿ. ಎಳೆಯ ಮಕ್ಕಳಿಗೆ ಮೊದಲ ಪಾಠವಾದ ಸರಳೆ ಹೇಳಿಕೊಡುವಾಗ ನಿಮ್ಮ ಕಮಾನೂ ತಿದ್ದಿಕೊಳ್ಳುತ್ತದೆ.

ಕರೆ ಬಂದಾಗ ಶ್ರುತಿ ಎಷ್ಟು, ಕಚೇರಿ ಎಷ್ಟು ಹೊತ್ತು, ಸಂಭಾವನೆ ಎಷ್ಟು, ಮೂರನ್ನೂ ಸಂಕೋಚ ಇಲ್ಲದೆ ಕೇಳಿ. ಸುಮ್ನೆ ಹೂಂ ಅಂದು ಆಮೇಲೆ ಬೇಜಾರು ಮಾಡಿಕೊಳ್ಳಬೇಡಿ.

ಪೆಟ್ಟಿಗೆಯಲ್ಲಿ ಒಂದು ಜೊತೆ ಹೊಸ ತಂತಿ, ಕಮಾನಿಗೆ ಉಜ್ಜುವ ರಾಸಿನ್ ಸದಾ ಇರಲಿ. ಸ್ಥಳದಲ್ಲೇ ಸ್ವರ ಹೆಣೆಯುವ ಕಲ್ಪನಾಸ್ವರದ ನಡುವೆ ಮೇಲಿನ (ಎತ್ತರದ ಸ್ವರದ) ತಂತಿ ಕಡಿದರೆ ಗಾಬರಿ ಬೇಡ, ಪಕ್ಕದ ತಂತಿಯಲ್ಲಿ ಮೇಲಕ್ಕೆ ಜಾರಿ ಸರದಿ ಮುಗಿಸಿ, ತನಿ ಆವರ್ತನ (ಮೃದಂಗದಂಥ ತಾಳವಾದ್ಯದವರು ಮಾತ್ರ ನುಡಿಸುವ ಭಾಗ) ನಡೆಯುವಾಗ ಹೊಸದನ್ನು ಕಟ್ಟಿಕೊಳ್ಳಿ. ಈ ಜಾರುವುದನ್ನು ಮಾತ್ರ ಮನೆಯಲ್ಲೇ, ಮೇಲಿನ ತಂತಿ ಮುಟ್ಟದೆ, ಅಭ್ಯಾಸ ಮಾಡಿಟ್ಟುಕೊಂಡಿರಿ.