ಹತ್ತು ಚಾರ್ಜರ್‌ಗೆ ಒಂದೇ ಗೇಟ್‌ವೇ, ಕೊನೆಗೂ ದಾರಿಗೆ ಬಂತು

"ಚಾರ್ಜರ್‌ಗೂ ಸರ್ವರ್‌ಗೂ ಮಧ್ಯೆ ಇನ್ನೊಂದು ಡಬ್ಬ ಯಾಕೆ? ಕೆಡೋಕೆ ಇನ್ನೊಂದು ಜಾಗ ಅಷ್ಟೇ" ಅಂದವರೇ ಜಾಸ್ತಿ. ಆ ಡಬ್ಬವೇ ಗೇಟ್‌ವೇ: ಎಲೆಕ್ಟ್ರಿಕ್ ಕಾರಿನ ಚಾರ್ಜರ್‌ಗಳ ಮಾತನ್ನು ಲೆಕ್ಕ ಇಡುವ ಸರ್ವರ್‌ಗೆ ಮುಟ್ಟಿಸಿ, ಅವುಗಳಿಗೆ ಕರೆಂಟ್ ಹಂಚುವ ಸಾಧನ. ಅದರ ಮೇಲೆ ಈಗ ಹತ್ತು ಎಸಿ ಚಾರ್ಜರ್ ಓಡುತ್ತಿವೆ. ಮೇನ್ ಬ್ರೇಕರ್ ಬಿದ್ದು ತಿಂಗಳುಗಳೇ ಆದವು.

ಮೊದಲು ಚಾರ್ಜರ್‌ಗೊಂದು ಸಿಮ್ ಇತ್ತು. ಸಿಮ್ ಖರ್ಚು ಹೋಗಲಿ, ಬಿಲ್ ಆಗದ ಯೂನಿಟ್‌ಗಳೇ ನಮ್ಮನ್ನು ತಿಂದದ್ದು. ಸುಮ್ನೆ ಕೂತ ವೆಬ್‌ಸಾಕೆಟ್ ಅನ್ನು (ಸರ್ವರ್ ಜೊತೆ ಸದಾ ತೆರೆದಿಡುವ ಸಂಪರ್ಕ) ಮೊಬೈಲ್ ನೆಟ್‌ವರ್ಕ್ ಸದ್ದಿಲ್ಲದೆ ಕತ್ತರಿಸುತ್ತಿತ್ತು, ಚಾರ್ಜರ್ ಮಾತ್ರ ತಾನಿನ್ನೂ ಆನ್‌ಲೈನ್ ಅಂದುಕೊಂಡೇ ಇರುತ್ತಿತ್ತು. ಈಗ ಚಾರ್ಜರ್‌ನಿಂದ ಗೇಟ್‌ವೇಗೆ ಕೇಬಲ್, ಅಲ್ಲಿಂದ ಹೊರಗೆ ಒಂದೇ ಲಿಂಕ್, ಅದು ಬದುಕಿದೆಯಾ ಅಂತ ನೋಡೋಕೆ ಸುಮಾರು 30 ಸೆಕೆಂಡಿಗೊಂದು ಪಿಂಗ್.

ನಿಜವಾದ ತಲೆನೋವು ಸ್ಟಾರ್ಟ್‌ಟ್ರಾನ್ಸಾಕ್ಷನ್, ಅಂದರೆ ಚಾರ್ಜಿಂಗ್ ಶುರುವಾಯಿತು ಅಂತ ಚಾರ್ಜರ್ ಸರ್ವರ್‌ಗೆ ಕಳಿಸುವ ಮೆಸೇಜ್. ಚಾರ್ಜರ್, ಸರ್ವರ್ ಮಾತಾಡೋ ಭಾಷೆಯಾದ ಒಸಿಪಿಪಿ 1.6ರಲ್ಲಿ ಪ್ರತಿ ಸೆಷನ್‌ಗೆ ಐಡಿ ಕೊಡೋದು ಸರ್ವರ್ ಅಲ್ವಾ? ಮೆಸೇಜ್ ತಲುಪುತ್ತದೆ, ಉತ್ತರ ದಾರಿಯಲ್ಲಿ ಕಳೆದುಹೋಗುತ್ತದೆ, ಚಾರ್ಜರ್ ಮತ್ತೆ ಕಳಿಸುತ್ತದೆ, ಸರ್ವರ್ ಹೊಸ ಐಡಿ ಕೊಡುತ್ತದೆ. ಒಂದು ಕಾರು, ಎರಡು ಸೆಷನ್, ಅದರಲ್ಲೊಂದು ಮುಗಿಯುವುದೇ ಇಲ್ಲ. ಈಗ ಕನೆಕ್ಟರ್, ಐಡಿಟ್ಯಾಗ್ (ಬಳಕೆದಾರರ ಗುರುತು), ಮೀಟರ್‌ಸ್ಟಾರ್ಟ್ (ಶುರುವಿನ ಮೀಟರ್ ರೀಡಿಂಗ್), ಟೈಮ್‌ಸ್ಟ್ಯಾಂಪ್ ನಾಲ್ಕೂ ಹಿಂದಿನದ್ದೇ ಆಗಿದ್ದರೆ ಗೇಟ್‌ವೇ ಹಳೆಯ ಐಡಿಯನ್ನೇ ವಾಪಸ್ ಕೊಡುತ್ತದೆ. ಲಿಂಕ್ ಇಲ್ಲದಾಗ ತಾನೇ ಒಂದು ಐಡಿ ಕೊಟ್ಟು, ಆಮೇಲೆ ಸರ್ವರ್‌ನದ್ದಕ್ಕೆ ಹೊಂದಿಸುತ್ತದೆ. ಆ ಹೊಂದಿಸೋ ಟೇಬಲ್ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಇನ್ನು ಕರೆಂಟ್ ಹಂಚೋದು. ಫೀಡರ್, ಅಂದರೆ ಕರೆಂಟ್ ಬರುವ ಮುಖ್ಯ ಲೈನ್, 63 ಆಂಪ್, ಅದರಲ್ಲೇ ಲಿಫ್ಟ್, ದೀಪ ಎಲ್ಲ. ಚಾರ್ಜ್ ಆಗುತ್ತಿರುವ ಕಾರಿಗೆ 6 ಆಂಪ್‌ಗಿಂತ ಕಡಿಮೆ ಕೊಡುವಂತಿಲ್ಲ, ಇಲ್ಲವೇ ಪೂರ್ತಿ 0 ಮಾಡಿ ನಿಲ್ಲಿಸಬೇಕು, ಹಾಗಾಗಿ ಸಂಜೆ ಎಲ್ಲರೂ ಒಟ್ಟಿಗೆ ಪ್ಲಗ್ ಹಾಕಿದರೆ ಒಂದಿಬ್ಬರು ಸರದಿ ಕಾಯಲೇಬೇಕು. ಇಷ್ಟೇ ಆಂಪ್ ಎಳೆ ಅಂತ ಹೇಳುವ ಸೆಟ್‌ಚಾರ್ಜಿಂಗ್‌ಪ್ರೊಫೈಲ್ ಆದೇಶಕ್ಕೆ ಕೆಲವು ಚಾರ್ಜರ್ 'ಅಕ್ಸೆಪ್ಟೆಡ್' ಅಂತ ಮರ್ಯಾದೆಯಾಗಿ ಹೇಳಿ, ಎಳೆಯೋದನ್ನು ಮಾತ್ರ ಮೊದಲಿನಂತೆಯೇ ಎಳೆಯುತ್ತವೆ. ಆ ಉತ್ತರ ನಂಬಬೇಡಿ, ಚಾರ್ಜರ್ ಕಳಿಸುವ ಮೀಟರ್ ರೀಡಿಂಗ್‌ನಲ್ಲಿ (ಮೀಟರ್‌ವ್ಯಾಲ್ಯೂಸ್) ಕರೆಂಟ್ ಇಳಿಯಿತಾ ನೋಡಿ. ಇನ್ನು ಕೆಲವು ಕಾರುಗಳು 0 ಆಂಪ್ ಕಂಡರೆ ನಿದ್ದೆ ಹೋಗುತ್ತವೆ, ಮತ್ತೆ ಏಳುವುದಿಲ್ಲ. ಅವನ್ನು 6ರಲ್ಲೇ ಬಿಟ್ಟು ಬೇರೆಯವನ್ನು ಕಾಯಿಸುತ್ತೇನೆ. ಯಾವುದು ಮಲಗುತ್ತದೆ ಅಂತ ಮೊದಲೇ ಗುರುತಿಸೋಕೆ ಒಂದು ಉಪಾಯ ಇದೆ, ಹೇಳಲ್ಲ.

ಮಧ್ಯೆ ಸೋಲಾರ್ ಚಪಲವೂ ಹತ್ತಿತ್ತು. ಉಳಿದ ಬಿಸಿಲಿಗೆ ತಕ್ಕಂತೆ ಚಾರ್ಜ್ ಮಾಡೋಣ ಅಂತ. ಮೂರು ಫೇಸ್‌ನಲ್ಲಿ 6 ಆಂಪ್ ಅಂದರೇ 4 ಕಿಲೋವ್ಯಾಟ್ ದಾಟುತ್ತದೆ, ಅಷ್ಟು ಬಿಸಿಲು ಉಳಿಯದಿದ್ದರೆ ಚಾರ್ಜಿಂಗ್ ನಿಲ್ಲಿಸಲೇಬೇಕು. ಮೋಡ ಬಂದಾಗಲೆಲ್ಲ ಚಾರ್ಜರ್ ಒಳಗಿನ ಸ್ವಿಚ್ಚು (ಕಾಂಟ್ಯಾಕ್ಟರ್) ಟಕ್ ಟಕ್ ಅಂತ ಬಡಿದುಕೊಳ್ಳುವುದು ನೋಡಿ ಕೈಬಿಟ್ಟೆ.

ಫೀಡರ್ ದೊಡ್ಡದು ಮಾಡಿಸೋಕೆ ಕೇಳಿದ ದುಡ್ಡಿಗೆ ಇಂಥ ಡಬ್ಬ ಇಪ್ಪತ್ತಾದರೂ ಬರುತ್ತಿದ್ದವು. ಬೇಡ ಅಂದವರಲ್ಲಿ ಇಬ್ಬರು ಮೊನ್ನೆ ಕಾನ್ಫಿಗ್ ಫೈಲ್ ಕೇಳಿದ್ದಾರೆ.